ಯಕೃತ್ತಿನ ಕುರು: ಕೊಳವೆಯಿಂದ ಬಸಿಯುವಿಕೆ

ಯಕೃತ್ತಿನಲ್ಲಿ ಕೀವು ಕಟ್ಟಿಕೊಂಡು ಉಂಟಾಗುವ ಕುರುವನ್ನು, ಹೊಟ್ಟೆಯನ್ನು ಕೊಯ್ದು ತೆರೆಯದೆ, ಅಲ್ಟ್ರಾಸೌಂಡ್ ಅಥವಾ ಸಿ.ಟಿ. ಸ್ಕ್ಯಾನ್ ಚಿತ್ರದ ನೆರವಿನಿಂದ ಚರ್ಮದ ಮೂಲಕವೇ ಬರಿದುಮಾಡುವ ಚಿಕಿತ್ಸಾಕ್ರಮ. ಸ್ಥಳೀಯ ಅರಿವಳಿಕೆ ಕೊಟ್ಟು, ಕರುಳು ಹಾಗೂ ದೊಡ್ಡ ರಕ್ತನಾಳಗಳನ್ನು ತಪ್ಪಿಸಿ ಟೊಳ್ಳು ಸೂಜಿಯನ್ನು ಕೀವಿನ ಕುಳಿಗೆ ಮುಟ್ಟಿಸಿ, ಅದರೊಳಗಿಂದ ತೆಳುತಂತಿಯನ್ನು ಇಳಿಸಿ, ಸೂಜಿಯನ್ನು ಹಿಂತೆಗೆದು, ತಂತಿಯ ಮೇಲೆ ಕೊಳವೆಯನ್ನು ಜಾರಿಸುವ ವಿಧಾನವು, ಸ್ವೀಡನ್ನಿನ ವಿಕಿರಣತಜ್ಞ ಸ್ವೆನ್ ಇವಾರ್ ಸೆಲ್ಡಿಂಗರ್ 1953ರಲ್ಲಿ ರಕ್ತನಾಳಗಳ ಚಿತ್ರಣಕ್ಕೆಂದು ಪ್ರಕಟಿಸಿದ ತಂತ್ರದಿಂದ ಬಂದುದು. ಕೊಳವೆಯ ತುದಿ ಹಂದಿಯ ಬಾಲದಂತೆ ಸುರುಳಿಯಾಗಿರುವುದರಿಂದ ಅದು ಸುಲಭವಾಗಿ ಕಳಚಿ ಬರುವುದಿಲ್ಲ. ಅಮೀಬಾದಿಂದಾದ ಕುರು ಬಹುತೇಕ ಮೆಟ್ರೊನಿಡಜೋಲ್ ಔಷಧಕ್ಕೇ ಬಗ್ಗುವುದರಿಂದ ಅಲ್ಲಿ ಬಸಿಯುವ ಅವಸರ ಸಲ್ಲದು. ಬ್ಯಾಕ್ಟೀರಿಯಾದಿಂದಾದ ದೊಡ್ಡ ಕುರುವಿಗಾದರೋ ಪ್ರತಿಜೀವಕಗಳ ಜೊತೆಗೆ ಬಸಿಯುವಿಕೆಯೂ ಬೇಕು. ಜ್ವರ ಇಳಿದು, ದಿನದ ಒಸರು ಸಾಮಾನ್ಯವಾಗಿ 10 ಮಿಲಿಲೀಟರಿಗಿಂತ ಕಡಿಮೆಯಾದ ಮೇಲೆ ಕೊಳವೆಯನ್ನು ತೆಗೆಯಲಾಗುತ್ತದೆ.