ವಿಟಮಿನ್ ಡಿ–ಕೆ ಜೋಡಿ ಮಾತ್ರೆ

ವಿಟಮಿನ್ ಡಿ3 ಮತ್ತು ವಿಟಮಿನ್ ಕೆ ಎರಡನ್ನೂ ಒಂದೇ ಮಾತ್ರೆ, ಕ್ಯಾಪ್ಸೂಲ್ ಅಥವಾ ಹನಿಮದ್ದಿನಲ್ಲಿ ಬೆರೆಸಿದ ಪೂರಕ. ಇದರಲ್ಲಿರುವ ಕೆ ಹೆಚ್ಚಾಗಿ ಕೆ2, ಅದರಲ್ಲೂ ಎಂಕೆ-7 ಎಂಬ ರೂಪ. ಮೂಳೆ ಗಟ್ಟಿಯಾಗಲೆಂದು ತೆಗೆದುಕೊಳ್ಳುವ ಈ ಮಾತ್ರೆ ಎಷ್ಟೋ ಸಲ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತುವುಗಳ ಜೊತೆಗೂಡಿ ಬರುತ್ತದೆ. ಎರಡೂ ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳೇ ಆದರೂ ಅವುಗಳಿಂದ ಆಗುವ ತೊಂದರೆಯ ದಾರಿ ಬೇರೆ ಬೇರೆ. ಡಿ ಕೆಡುಕು ಮಾಡುವುದು ಪ್ರಮಾಣ ಮೀರಿದಾಗ. ಕೆ ಕೆಡುಕು ಮಾಡುವುದು ರಕ್ತ ಹೆಪ್ಪುಗಟ್ಟದಂತೆ ಕೊಡುವ ಕೆಲವು ಔಷಧಗಳ ಜೊತೆ ಸೇರಿದಾಗ. ಒಂದಿದ್ದರೆ ಇನ್ನೊಂದರ ಅಪಾಯ ತಪ್ಪುತ್ತದೆ ಎಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲ.

ಈ ಮಾತ್ರೆಯ ಬಳಕೆಯನ್ನು ಒಂದು ಊರಿನ ಮೂಲಕ ನೋಡೋಣ. ಮುಂಬೈ ಹೆದ್ದಾರಿಯ ಮೇಲಿರುವ ಹೈದರಾಬಾದಿನ ಕೂಕಟ್‌ಪಲ್ಲಿ ಕನ್ನಡಿಗರಿಗೆ ಅಪರಿಚಿತ ಜಾಗವಲ್ಲ. ಬೀದರಿನಿಂದ ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು ದಾಟಿ ಬರುವ ಬಸ್ಸು ಮಿಯಾಪುರ ಕಳೆದ ಮೇಲೆ ಇಲ್ಲಿಂದಲೇ ಊರೊಳಗೆ ಇಳಿಯುತ್ತದೆ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ರಾಜ್ಯ ಬೇರೆಯಾದರೂ ದೊಡ್ಡ ಕಾಯಿಲೆ ಬಂದರೆ ಹೈದರಾಬಾದಿಗೆ ಕರಕೊಂಡು ಹೋಗುವ ರೂಢಿ ಆ ಭಾಗದಲ್ಲಿ ಇನ್ನೂ ಇದೆ. ಕೂಕಟ್‌ಪಲ್ಲಿಗೆ ತಾಗಿದಂತೆಯೇ ಬಾಲಾನಗರದಲ್ಲಿ, 1961ರಲ್ಲಿ ಸ್ಥಾಪನೆಯಾದ ಐಡಿಪಿಎಲ್ ಎಂಬ ಸರ್ಕಾರಿ ಔಷಧ ಸಂಸ್ಥೆಯು ಸೋವಿಯತ್ ನೆರವಿನಿಂದ ಕಾರ್ಖಾನೆ ಕಟ್ಟಿತು. ಮುಂದೆ ಡಾ. ರೆಡ್ಡೀಸ್ ಕಂಪನಿ ಕಟ್ಟಿದ ಕೆ. ಅಂಜಿರೆಡ್ಡಿ ಅಲ್ಲಿ ಕೆಲಸ ಮಾಡಿದವರು. ಹೈದರಾಬಾದ್ ಔಷಧ ತಯಾರಿಕೆಯ ಊರೆನಿಸಿಕೊಂಡದ್ದರ ಬೇರು ಅಲ್ಲಿದೆ. ಊರಿನ ಇನ್ನೊಂದು ಬದಿಯ ತಾರ್ನಾಕದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. ರಾಬರ್ಟ್ ಮೆಕ್‌ಕ್ಯಾರಿಸನ್ 1918ರಲ್ಲಿ ಕೂನೂರಿನಲ್ಲಿ ಆರಂಭಿಸಿದ ಸಣ್ಣ ಘಟಕ 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ಈಗಿನ ಹೆಸರು ಪಡೆಯಿತು. ಭಾರತೀಯರಿಗೆ ಯಾವ ಪೋಷಕಾಂಶ ದಿನಕ್ಕೆ ಎಷ್ಟು ಬೇಕು ಎಂಬ ಲೆಕ್ಕ ಹೊರಬರುವುದು ಇಲ್ಲಿಂದಲೇ.

ಬಿಸಿಲಿದ್ದೂ ಕೊರತೆ

ಚರ್ಮದಲ್ಲಿರುವ ಕೊಲೆಸ್ಟರಾಲ್ ಸಂಬಂಧಿ ವಸ್ತುವೊಂದರ ಮೇಲೆ ಬಿಸಿಲಿನ ಯುವಿ-ಬಿ ಕಿರಣ ಬಿದ್ದಾಗ ಡಿ3 ತಯಾರಾಗುತ್ತದೆ. ಅದು ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಇನ್ನೊಮ್ಮೆ ಮಾರ್ಪಟ್ಟು ಹಾರ್ಮೋನಿನಂತೆ ಕೆಲಸಕ್ಕಿಳಿಯುತ್ತದೆ. ಕರುಳಿನಿಂದ ಕ್ಯಾಲ್ಸಿಯಂ ಹೀರುವುದನ್ನು ಹೆಚ್ಚಿಸುತ್ತದೆ. ಹೈದರಾಬಾದ್ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬಿಸಿಲಿಗೆ ಅಲ್ಲಿ ಬರವಿಲ್ಲ. ಆದರೂ ದಕ್ಷಿಣ ಭಾರತದಲ್ಲಿ ವಿಟಮಿನ್ ಡಿ ಕೊರತೆ ವ್ಯಾಪಕ ಎಂಬುದನ್ನು ತಿರುಪತಿಯಲ್ಲಿ ಸಿ.ವಿ. ಹರಿನಾರಾಯಣ ಮತ್ತು ಸಂಗಡಿಗರು ನಡೆಸಿದ, 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅವರ ಮುಂದಿನ ಕೆಲಸದ ಪ್ರಕಾರ ಈ ಭಾಗದಲ್ಲಿ ಚರ್ಮಕ್ಕೆ ಡಿ ದಕ್ಕುವ ಹೊತ್ತು ಬೆಳಗಿನ 11ರಿಂದ ಮಧ್ಯಾಹ್ನ 2ರವರೆಗೆ. ಎಳೆಬಿಸಿಲು ಒಳ್ಳೆಯದೆಂಬ ನಮ್ಮ ಮನೆಮಾತು ಮೈಗೆ ಹಿತವಾದೀತು, ಡಿ ತಯಾರಾಗಲು ಅದು ಸಾಲದು.

ಕೂಕಟ್‌ಪಲ್ಲಿ ಹೌಸಿಂಗ್ ಬೋರ್ಡ್ ಕಾಲೊನಿಯಿಂದ ಹೈಟೆಕ್ ಸಿಟಿಗೆ ಹೋಗುವ ಉದ್ಯೋಗಿಯ ದಿನ ನೋಡಿದರೆ ಕಾರಣ ಅರ್ಥವಾಗುತ್ತದೆ. ಆ ಮೂರು ಗಂಟೆ ಅವರು ಕಚೇರಿಯೊಳಗೆ ಇರುತ್ತಾರೆ. ಮೆಟ್ರೊ ಅಥವಾ ಕಾರಿನ ಕಿಟಕಿಯಿಂದ ತೊಡೆಯ ಮೇಲೆ ಬೀಳುವ ಬಿಸಿಲು ಸುಡುತ್ತದೆ, ಆದರೆ ಗಾಜು ಯುವಿ-ಬಿಯನ್ನು ತಡೆದುಬಿಡುತ್ತದೆ. ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತಿನ ಬಿಸಿಲು ಬೇಕು ಎಂಬುದೂ ಸೇರಿಕೊಳ್ಳುತ್ತದೆ. ಊಟದಲ್ಲಿ ಡಿ ಸಿಗುವುದು ಕಡಿಮೆ: ಮೊಟ್ಟೆಯ ಹಳದಿ, ಕೊಬ್ಬಿರುವ ಮೀನು, ಮತ್ತು ಬಲವರ್ಧಿತ ಎಂಬ ಗುರುತಿರುವ ಹಾಲು, ಅಡುಗೆ ಎಣ್ಣೆ.

ಕೆ ಯಾಕೆ ಸೇರಿತು

ಡೆನ್ಮಾರ್ಕಿನ ಹೆನ್ರಿಕ್ ಡಾಮ್, ಕೊಬ್ಬಿಲ್ಲದ ಮೇವು ತಿಂದ ಕೋಳಿಮರಿಗಳಲ್ಲಿ ರಕ್ತಸ್ರಾವ ಕಂಡು, ಹೆಪ್ಪುಗಟ್ಟಲು ಬೇಕಾದ ಈ ವಸ್ತುವಿಗೆ 1935ರಲ್ಲಿ ಕೆ ಎಂದು ಹೆಸರಿಟ್ಟರು. ಹೆಪ್ಪುಗಟ್ಟುವಿಕೆಗೆ ಅವರ ಭಾಷೆಯಲ್ಲಿರುವ ಪದದ ಮೊದಲಕ್ಷರ ಅದು. ಅವರಿಗೂ ಅಮೆರಿಕದ ಎಡ್ವರ್ಡ್ ಡಾಯ್ಸಿಗೂ 1943ರ ನೊಬೆಲ್ ಬಂತು. ಹೆಪ್ಪುಗಟ್ಟಿಸುವ ಪ್ರೋಟೀನುಗಳ ಜೊತೆಗೆ ಮೂಳೆಯ ಆಸ್ಟಿಯೊಕ್ಯಾಲ್ಸಿನ್, ರಕ್ತನಾಳದ ಗೋಡೆಯಲ್ಲಿರುವ ಮ್ಯಾಟ್ರಿಕ್ಸ್ ಗ್ಲಾ ಪ್ರೋಟೀನ್ ಕೂಡ ಕ್ಯಾಲ್ಸಿಯಂ ಹಿಡಿದುಕೊಳ್ಳುವ ಶಕ್ತಿ ಪಡೆಯುವುದು ಕೆ ಇಂದಲೇ. ಜೋಡಿ ಮಾತ್ರೆಯ ವಾದ ಹುಟ್ಟಿದ್ದು ಇಲ್ಲಿಂದ: ಡಿ ಕ್ಯಾಲ್ಸಿಯಂ ಒಳಗೆ ತರುತ್ತದೆ, ಕೆ ಅದನ್ನು ಮೂಳೆಗೆ ಕಳಿಸಿ ರಕ್ತನಾಳದಲ್ಲಿ ಕೂರದಂತೆ ನೋಡಿಕೊಳ್ಳುತ್ತದೆ.

ವಾದ ಸುಂದರವಾಗಿದೆ. 2004ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಅಧ್ಯಯನವು ಆಹಾರದಲ್ಲಿ ಹೆಚ್ಚು ಕೆ2 ತಿನ್ನುವವರಲ್ಲಿ ಹೃದ್ರೋಗ ಕಡಿಮೆ ಎಂದು ಹೇಳಿದಾಗ ಅದಕ್ಕೆ ಬಲ ಬಂತು. ಆದರೆ ತಿನ್ನುವವರನ್ನು ಗಮನಿಸುವುದು ಬೇರೆ, ಕೊಟ್ಟು ನೋಡುವುದು ಬೇರೆ. ಹೃದಯದ ಮಹಾಪಧಮನಿಯ ಕವಾಟದಲ್ಲಿ ಕ್ಯಾಲ್ಸಿಯಂ ಕೂತಿದ್ದ 365 ಗಂಡಸರನ್ನು ಡೆನ್ಮಾರ್ಕಿನಲ್ಲಿ ಆರಿಸಿ, ಅವರಲ್ಲಿ ಒಂದು ಗುಂಪಿಗೆ ದಿನಕ್ಕೆ 720 ಮೈಕ್ರೊಗ್ರಾಂ ಎಂಕೆ-7 ಮತ್ತು 25 ಮೈಕ್ರೊಗ್ರಾಂ ಡಿ ಎರಡು ವರ್ಷ ಕೊಟ್ಟರು. 2022ರಲ್ಲಿ ಬಂದ ಫಲಿತಾಂಶ: ಕ್ಯಾಲ್ಸಿಯಂ ಕೂರುವ ವೇಗ ತಗ್ಗಲಿಲ್ಲ. ಮಾರುಕಟ್ಟೆಯ ಮಾತ್ರೆಗಳಲ್ಲಿರುವ ಕೆ2 ಇದರ ಹತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ‘ಕೆ2 ಇದೆಯಲ್ಲ, ಡಿ ಜಾಸ್ತಿ ಆದರೂ ಪರವಾಗಿಲ್ಲ’ ಎಂಬ ಮಾತನ್ನು ಯಾರೇ ಹೇಳಿದರೂ ನಂಬಬಾರದು. ರಕ್ತದಲ್ಲಿ ಏರಿದ ಕ್ಯಾಲ್ಸಿಯಂ ಅನ್ನು ಕೆ2 ಇಳಿಸುತ್ತದೆಂದು ಸಿದ್ಧವಾಗಿಲ್ಲ.

ಪ್ರಮಾಣದ ಲೆಕ್ಕ

ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 600 ಐಯು (ಅಂತರರಾಷ್ಟ್ರೀಯ ಯೂನಿಟ್) ವಿಟಮಿನ್ ಡಿ ಬೇಕು. 2010ರಲ್ಲಿ ಇದು 400 ಆಗಿತ್ತು. ವೈದ್ಯರ ನಿಗಾ ಇಲ್ಲದೆ ದಿನನಿತ್ಯ ಮೀರಬಾರದ ಮಿತಿ 4,000 ಐಯು. ಒಂದು ಮೈಕ್ರೊಗ್ರಾಂ ಎಂದರೆ 40 ಐಯು. ಈ ಗುಣಾಕಾರ ತಿಳಿದಿರಲೇಬೇಕು, ಏಕೆಂದರೆ ಒಂದು ಡಬ್ಬಿಯ ಮೇಲೆ ಮೈಕ್ರೊಗ್ರಾಂ, ಇನ್ನೊಂದರ ಮೇಲೆ ಐಯು ಇರುತ್ತದೆ. 25 ಎಂದು ಕಂಡ ಅಂಕಿ ಚಿಕ್ಕದೆನಿಸಿದರೂ ಅದು 1,000 ಐಯು. ವಿಟಮಿನ್ ಕೆಗೆ ಸಂಸ್ಥೆ ಹೇಳುವುದು ದಿನಕ್ಕೆ 55 ಮೈಕ್ರೊಗ್ರಾಂ. ಆಹಾರದಿಂದ ಬರುವ ಕೆ1, ಕೆ2 ಎಂಬ ಎರಡು ರೂಪಗಳಿಗೂ ವಿಷವಾಗುವ ಮೇಲ್ಮಿತಿ ಗೊತ್ತುಮಾಡಿಲ್ಲ.

ನಮ್ಮ ದೇಶದಲ್ಲಿ ಅಪಾಯ ಬರುವುದು ಹೆಚ್ಚಾಗಿ 60,000 ಐಯು ಸ್ಯಾಚೆಟ್ಟಿನಿಂದ. ಕೊರತೆ ಇದ್ದವರಿಗೆ ವೈದ್ಯರು ಇದನ್ನು ವಾರಕ್ಕೊಂದರಂತೆ ಸಾಮಾನ್ಯವಾಗಿ ಎಂಟು ವಾರ ಬರೆಯುತ್ತಾರೆ, ಆಮೇಲೆ ತಿಂಗಳಿಗೊಂದಕ್ಕೆ ಇಳಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ಚೀಟಿಯಲ್ಲಿ ಎಂಟು ವಾರ ಎಂದಿದ್ದರೂ ಮನೆಯಲ್ಲಿ ಅದು ವರ್ಷಗಟ್ಟಲೆ ನಡೆಯುತ್ತದೆ. ವಾರಕ್ಕೊಂದು ಎಂಬುದು ದಿನಕ್ಕೊಂದಾದ ಪ್ರಕರಣಗಳೂ ಇವೆ. ಒಂದು ಮನೆಯ ಔಷಧದ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಲೆಕ್ಕ ಹಾಕೋಣ. ವಾರದ ಸ್ಯಾಚೆಟ್ಟು ದಿನದ ಲೆಕ್ಕಕ್ಕೆ 8,571 ಐಯು. ಮಗಳು ತರಿಸಿಕೊಟ್ಟ ಡಿ3–ಕೆ2 ಕ್ಯಾಪ್ಸೂಲ್ 2,000. ಮೂಳೆ ವೈದ್ಯರು ಬರೆದ ಕ್ಯಾಲ್ಸಿಯಂ ಮಾತ್ರೆಯೊಳಗಿನ ಡಿ 250ರಂತೆ ಎರಡು ಹೊತ್ತಿಗೆ 500. ಒಟ್ಟು 11,071. ಮೂರೂ ಬೇರೆ ಬೇರೆ ಹೆಸರಿನ, ಬೇರೆ ಬೇರೆ ಬಣ್ಣದ ಪೊಟ್ಟಣಗಳು. ಮೂರರಲ್ಲೂ ಇರುವುದು ಅದೇ ಡಿ ಎಂದು ತೆಗೆದುಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಜೋಡಿ ಮಾತ್ರೆ ಶುರುಮಾಡುವ ಮುನ್ನ ಮಾಡಬೇಕಾದ ಮೊದಲ ಕೆಲಸ ಈ ಕೂಡಿಸುವಿಕೆ.

ಒಮ್ಮೆಗೇ ದೊಡ್ಡ ಪ್ರಮಾಣ ನುಂಗಿದರೆ ಮೂಳೆಗೆ ದೊಡ್ಡ ಲಾಭ ಎಂಬುದೂ ತಪ್ಪು. ಆಸ್ಟ್ರೇಲಿಯದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಐಯು ಕೊಟ್ಟ ಪ್ರಯೋಗದಲ್ಲಿ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾದವು. 2010ರಲ್ಲಿ ಅದು ಪ್ರಕಟವಾಯಿತು. ಮಾತ್ರೆಯನ್ನು ದಿನನಿತ್ಯ, ಎಣ್ಣೆ ಅಥವಾ ತುಪ್ಪದ ಅಂಶವಿರುವ ಊಟದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹೀರಿಕೆಯಾಗುತ್ತದೆ. ಖಾಲಿ ಹೊಟ್ಟೆಗೆ ಬೇಡ.

ಪೊಟ್ಟಣ ಓದುವಾಗ ಇನ್ನೊಂದು ವ್ಯತ್ಯಾಸ ಕಾಣುತ್ತದೆ. ಆಹಾರ ಪೂರಕವಾಗಿ ಮಾರುವುದರ ಮೇಲೆ ಎಫ್‌ಎಸ್‌ಎಸ್‌ಎಐ ಗುರುತು, 14 ಅಂಕಿಯ ಪರವಾನಗಿ ಸಂಖ್ಯೆ, ಔಷಧವಾಗಿ ಬಳಸಲು ಅಲ್ಲ ಎಂಬ ಸಾಲು ಇರುತ್ತವೆ. ಕೊರತೆಯ ಚಿಕಿತ್ಸೆಗೆ ಕೊಡುವ ದೊಡ್ಡ ಪ್ರಮಾಣ ಔಷಧ ಪರವಾನಗಿಯಲ್ಲಿ ಬರುತ್ತದೆ. ಎರಡೂ ಒಂದೇ ಅಂಗಡಿಯ ಒಂದೇ ಕಪಾಟಿನಲ್ಲಿ ಇರಬಹುದು.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು. ಬಾಲ್ಯದ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟು, ಲೋಹದ ಕವಾಟ ಹಾಕಿಸಿಕೊಂಡವರು ನಮ್ಮಲ್ಲಿ ಬಹಳ. ಅವರು ಜೀವನಪೂರ್ತಿ ವಾರ್ಫರಿನ್ ಅಥವಾ ಅಸಿನೊಕೌಮರಾಲ್ ತೆಗೆದುಕೊಳ್ಳಬೇಕು. ಈ ಮಾತ್ರೆಗಳು ಕೆಲಸ ಮಾಡುವುದೇ ಯಕೃತ್ತಿನಲ್ಲಿ ವಿಟಮಿನ್ ಕೆ ಮರುಬಳಕೆಯಾಗದಂತೆ ತಡೆದು. ಅಂದಮೇಲೆ ಹೊರಗಿನಿಂದ ಕೆ ಕೊಟ್ಟರೆ ಮಾತ್ರೆಯ ಕೈ ಕಟ್ಟಿದಂತೆ. ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತದೆಂದು ತೋರಿಸುವ ಐಎನ್‌ಆರ್ ಎಂಬ ಅಂಕಿ ಇಳಿಯುತ್ತದೆ, ಕವಾಟದ ಮೇಲೆ ಹೆಪ್ಪು ಕಟ್ಟಬಹುದು, ಅದು ಮಿದುಳಿಗೆ ಹೋದರೆ ಪಾರ್ಶ್ವವಾಯು. ಕೆ1 ರಕ್ತದಿಂದ ಕೆಲವೇ ಗಂಟೆಗಳಲ್ಲಿ ಕರಗಿಹೋದರೆ ಎಂಕೆ-7 ದಿನಗಟ್ಟಲೆ ಉಳಿಯುತ್ತದೆ; ದಿನಕ್ಕೆ 10 ಮೈಕ್ರೊಗ್ರಾಮಿನಷ್ಟು ಕಡಿಮೆ ಎಂಕೆ-7 ಕೂಡ ಕೆಲವರಲ್ಲಿ ಔಷಧದ ಪರಿಣಾಮ ಕುಗ್ಗಿಸಿದ್ದು ಕಂಡುಬಂದಿದೆ.

ಬೀದರಿನ ಬಸ್ಸಿಳಿದು ಐಎನ್‌ಆರ್ ತೋರಿಸಲು ಬರುವ ಹೆಂಗಸಿನ ಕೈಚೀಲದಲ್ಲಿ ಮಡಿಚಿ ಮಡಿಚಿ ಸವೆದ ಪುಸ್ತಕವೊಂದು ಇರುತ್ತದೆ: ತಾರೀಖು, ಅಂಕಿ, ಮಾತ್ರೆಯ ಪ್ರಮಾಣ. ಮಂಡಿನೋವಿಗೆಂದು ಅಂಗಡಿಯಲ್ಲಿ ಕೇಳಿ ಪಡೆದ ಕ್ಯಾಲ್ಸಿಯಂ ಮಾತ್ರೆಯ ಪಟ್ಟಿ ಆ ಪುಸ್ತಕದಲ್ಲಿ ಇರುವುದಿಲ್ಲ. ಪಟ್ಟಿಯ ಬೆನ್ನಿನ ಸಣ್ಣಕ್ಷರಗಳಲ್ಲಿ ಮೂರನೆಯದೋ ನಾಲ್ಕನೆಯದೋ ಸಾಲಿನಲ್ಲಿ ಎಂಕೆ-7 ಎಂದಿರುತ್ತದೆ, ಅದೂ ಇಂಗ್ಲಿಷಿನಲ್ಲಿ. ಆಕೆ ಅದನ್ನು ಓದಲಾರಳು. ಮಾರುವವರು ಓದಬೇಕು, ‘ರಕ್ತ ತೆಳುವಾಗುವ ಗುಳಿಗಿ ತಗೋತೀರೇನು’ ಎಂದು ಕೇಳಬೇಕು. ಅಂಥವರಿಗೆ ಮೂಳೆಗೆ ಡಿ ಬೇಕಿದ್ದರೆ ಕೆ ಇಲ್ಲದ, ಬರೀ ಡಿ ಇರುವ ಮಾತ್ರೆ ಸಿಗುತ್ತದೆ. ಗೊತ್ತಿಲ್ಲದೆ ಜೋಡಿ ಮಾತ್ರೆ ಆಗಲೇ ತೆಗೆದುಕೊಳ್ಳುತ್ತಿದ್ದರೆ ತಟ್ಟನೆ ನಿಲ್ಲಿಸುವುದೂ ಸರಿಯಲ್ಲ, ಆಗ ಐಎನ್‌ಆರ್ ಏರಿ ರಕ್ತಸ್ರಾವವಾದೀತು. ಆ ದಿನವೇ ವೈದ್ಯರಿಗೆ ತಿಳಿಸಿ ಪರೀಕ್ಷೆ ಮಾಡಿಸಬೇಕು. ಸೊಪ್ಪು ಪೂರ್ತಿ ಬಿಡಬೇಕೆಂದೂ ಇಲ್ಲ. ಪಾಲಕ್, ನುಗ್ಗೆ, ತೆಲಂಗಾಣದವರು ಗೋಂಗೂರ ಎನ್ನುವ ಪುಂಡಿಪಲ್ಯೆ ಮುಂತಾದ ಸೊಪ್ಪಿನಲ್ಲಿ ಕೆ1 ಇದೆ. ವಾರದಿಂದ ವಾರಕ್ಕೆ ಹೆಚ್ಚು ಕಡಿಮೆಯಾಗದಂತೆ ತಿಂದರೆ ಮಾತ್ರೆಯ ಪ್ರಮಾಣವನ್ನು ಅದಕ್ಕೆ ಹೊಂದಿಸಬಹುದು.

ರಕ್ತ ಹೆಪ್ಪುಗಟ್ಟದಂತೆ ಕೊಡುವ ಇತರ ಔಷಧಗಳಾದ ಎಪಿಕ್ಸಬಾನ್, ರಿವರೊಕ್ಸಬಾನ್, ಡಾಬಿಗಟ್ರಾನ್ ಬೇರೆ ದಾರಿಯಲ್ಲಿ ಕೆಲಸ ಮಾಡುವುದರಿಂದ ಅವಕ್ಕೆ ಈ ಘರ್ಷಣೆ ಇಲ್ಲ. ಆಸ್ಪಿರಿನ್‌ಗೂ ಇಲ್ಲ.

ಇನ್ನುಳಿದ ಎಚ್ಚರಿಕೆ ಡಿ ಕಡೆಯದು. ಮೂತ್ರಪಿಂಡದ ಕಾಯಿಲೆ, ಪದೇಪದೇ ಕಲ್ಲು, ಪ್ಯಾರಾಥೈರಾಯ್ಡ್ ತೊಂದರೆ, ಸಾರ್ಕಾಯ್ಡೋಸಿಸ್ ಇದ್ದವರು ಕೇಳದೆ ಶುರುಮಾಡಬಾರದು. ಕ್ಷಯ ಇದ್ದವರಲ್ಲೂ ಅಲ್ಪ ಡಿ ಇಂದಲೇ ಕ್ಯಾಲ್ಸಿಯಂ ಏರಬಹುದು. ಥಯಜೈಡ್ ಗುಂಪಿನ ಬಿಪಿ ಮಾತ್ರೆ ಮೂತ್ರದಲ್ಲಿ ಹೋಗಬೇಕಾದ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ಡಿಗಾಕ್ಸಿನ್ ತೆಗೆದುಕೊಳ್ಳುವವರಲ್ಲಿ ಏರಿದ ಕ್ಯಾಲ್ಸಿಯಂ ಹೃದಯದ ಬಡಿತ ತಪ್ಪಿಸಬಹುದು. ಫೆನಿಟಾಯಿನ್‌ನಂಥ ಮೂರ್ಛೆರೋಗದ ಔಷಧಗಳು ಇದಕ್ಕೆ ಉಲ್ಟಾ, ಡಿಯನ್ನು ಬೇಗ ಕರಗಿಸುತ್ತವೆ.

ಡಿ ವಿಷವಾದಾಗ ಕಾಣುವ ಲಕ್ಷಣಗಳು ಮೊದಲಿಗೆ ಬೇರೇನೋ ಕಾಯಿಲೆಯಂತೆ ತೋರುತ್ತವೆ: ಹಸಿವಿಲ್ಲ, ವಾಂತಿ, ಮಲಬದ್ಧತೆ, ತೀರದ ಬಾಯಾರಿಕೆ, ಪದೇಪದೇ ಮೂತ್ರ, ವಯಸ್ಸಾದವರಲ್ಲಿ ಮಂಕು, ಗಲಿಬಿಲಿ. ರಕ್ತದ ಕ್ಯಾಲ್ಸಿಯಂ, ಕ್ರಿಯಾಟಿನಿನ್, 25-ಹೈಡ್ರಾಕ್ಸಿ ವಿಟಮಿನ್ ಡಿ ಪರೀಕ್ಷೆಯಿಂದ ಅದು ಗೊತ್ತಾಗುತ್ತದೆ. ವಿಷವಾದವರಲ್ಲಿ ಕೊನೆಯದು ಸಾಮಾನ್ಯವಾಗಿ ಮಿಲಿಲೀಟರಿಗೆ 150 ನ್ಯಾನೊಗ್ರಾಂ ದಾಟಿರುತ್ತದೆ. ಮಾತ್ರೆ ನಿಲ್ಲಿಸಿ, ಸಲೈನ್ ಕೊಟ್ಟು, ಬೇಕಾದರೆ ಸ್ಟೆರಾಯ್ಡ್ ಅಥವಾ ಬಿಸ್‌ಫಾಸ್ಫೊನೇಟ್ ಕೊಡುತ್ತಾರೆ. ಡಿ ಮೈಯ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುವುದರಿಂದ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸುತ್ತಿರಬೇಕಾಗುತ್ತದೆ.