ಜಾರಿದ ತಾಯತ
ಖಾನಾಪುರದ ನಮ್ಮ ಕಾಕಾ ಗರಡಿಯ ಕೆಮ್ಮಣ್ಣಿನಲ್ಲಿ ಬೆಳೆದವರು. ಬಾದಾಮಿ, ಹಾಲು, ತುಪ್ಪ ಉಂಡ ತೋಳು. ಅದಕ್ಕೆ ಬಿಗಿದ ಕರಿದಾರದ ತಾಯತ. ಮೊದಲು ಮೂತ್ರಪಿಂಡ ಸೋತಿತು, ಹಿಂದೆಯೇ ಹೃದಯ. ಡಯಾಲಿಸಿಸ್‌ಗೆಂದು ವಾರಕ್ಕೆರಡು ಸಲ ಬೆಳಗಾವಿ ಬಸ್ಸು. ತೂಕ ಮಾತ್ರ ಇಳಿಯಲಿಲ್ಲ. ಕಾಲಿಗೆ ತುಂಬಿದ ನೀರು ತಕ್ಕಡಿಗೇ ಮೋಸ ಮಾಡಿತ್ತು. ನಿಜ ಹೇಳಿದ್ದು ತಾಯತವೊಂದೇ: ಮೊಣಕೈಗೆ ಜಾರಿತ್ತು.

"ಬ್ಯಾಳಿ ಉಣಬ್ಯಾಡ್ರಿ" ಎಂದು ಕಾಕು ವಾಟಿ ಸರಿಸುತ್ತಿದ್ದಳು. ಯಾರೋ ಹಿಂದೆಂದೋ ಹೇಳಿದ ಪಥ್ಯ. ಅದಕ್ಕೂ ಇತಿಹಾಸವಿದೆ. 1960ರ ದಶಕದ ಆರಂಭದಲ್ಲಿ ಇಟಲಿಯ ಜೊರ್ಡಾನೊ, ಜೊವನ್ನೆಟ್ಟಿ ಎಂಬ ವೈದ್ಯರು ಪ್ರೋಟೀನ್ ತೀರ ಇಳಿಸಿ ರೋಗಿಗಳ ಸಂಕಟ ತಗ್ಗಿಸಿದರು. ಡಯಾಲಿಸಿಸ್ ಆಗ ಬೆರಳೆಣಿಕೆಯವರಿಗಷ್ಟೇ. ಯಂತ್ರ ಬಂದಮೇಲೆ ಲೆಕ್ಕವೇ ತಿರುಗಿತು. ಅದು ಕಸದ ಜೊತೆ ಅಮೈನೋ ಆಮ್ಲಗಳನ್ನೂ ಸೋಸಿ ಒಯ್ಯುತ್ತದೆ. ರಕ್ತದ ಆಮ್ಲತೆ, ಉರಿಯೂತ ಉಳಿದ ಸ್ನಾಯುವನ್ನು ಕರಗಿಸುತ್ತವೆ. ಮೂತ್ರಪಿಂಡ ರೋಗದ ಈ ಸವೆತಕ್ಕೆ ತಜ್ಞರು ಒಮ್ಮತದ ಹೆಸರಿಟ್ಟದ್ದೇ 2008ರಲ್ಲಿ. 2020ರ ಅಮೆರಿಕದ ಮಾರ್ಗಸೂಚಿ ಡಯಾಲಿಸಿಸ್‌ನವರಿಗೆ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಹೇಳುತ್ತದೆ.

ಆಹಾರತಜ್ಞೆ ಇದನ್ನು ಬಿಡಿಸಿ ಹೇಳಿದ ದಿನ ಕಾಕು ತತ್ತಿ ಕುದಿಸಿದಳು, ಕೊಟ್ಟದ್ದು ಬಿಳಿಭಾಗವಷ್ಟೇ. ಕಾಕಾ ತಾಯತದ ದಾರಕ್ಕೆ ಇನ್ನೊಂದು ಗಂಟು ಹಾಕಿಸಿಕೊಂಡರು.