ಒಂದು ಸಂಚು, ನಾಲ್ಕು ಶತಮಾನದ ಬೆಂಕಿ

ಇಂಗ್ಲೆಂಡಿನಲ್ಲಿ ಪ್ರತಿ ವರ್ಷ ನವೆಂಬರ್ 5ರ ರಾತ್ರಿ ಊರೂರಿನ ಬಯಲುಗಳಲ್ಲಿ ಸೌದೆ ಒಟ್ಟಿ ಬೆಂಕಿ ಹಾಕುತ್ತಾರೆ, ಪಟಾಕಿ ಸುಡುತ್ತಾರೆ. ಜನ ಚಳಿಗೆ ಕೈ ಕಾಯಿಸುತ್ತಾ ಸುಟ್ಟ ಆಲೂಗಡ್ಡೆ, ಸಕ್ಕರೆ ಪಾಕದಲ್ಲಿ ಅದ್ದಿದ ಸೇಬು ತಿನ್ನುತ್ತಾರೆ. ಯಾರ್ಕ್‌ಶೈರ್ ಕಡೆಯವರಿಗೆ ಶುಂಠಿ ಮತ್ತು ಕಾಕಂಬಿ ಹಾಕಿದ ಪಾರ್ಕಿನ್ ಎಂಬ ಕೇಕ್ ಬೇಕೇ ಬೇಕು. ಬೆಂಕಿಯ ರಾಶಿಯ ತುದಿಯಲ್ಲಿ ಹಳೆ ಬಟ್ಟೆ ತುರುಕಿದ ಒಂದು ಗೊಂಬೆ. ಅದರ ಹೆಸರು ‘ಗೈ’. ಹಿಂದೆಲ್ಲ ಮಕ್ಕಳು ಹಬ್ಬಕ್ಕೆ ಮುಂಚಿತವಾಗಿ ಈ ಗೊಂಬೆಯನ್ನು ಬೀದಿಯಲ್ಲಿ ಕೂರಿಸಿ, ಹೋಗಿಬರುವವರಿಂದ ಪೆನ್ನಿ ಕೇಳಿ ಪಟಾಕಿಗೆ ಕಾಸು ಕೂಡಿಸುತ್ತಿದ್ದರು.

ಬಾನ್‌ಫೈರ್ ನೈಟ್ ಎಂಬ ಈ ಹಬ್ಬ ಇಂದು ಮಕ್ಕಳ ಮೋಜಿನಂತೆ ಕಾಣುತ್ತದೆ. ಆದರೆ ಅದನ್ನು ಬೆಳೆಸಿದ್ದು ಒಂದು ಅಲ್ಪಸಂಖ್ಯಾತ ಸಮುದಾಯದ ಕುರಿತ ಭಯ. ಅದಕ್ಕೆ ಕಾನೂನಿನ ಮುದ್ರೆಯೂ ಇತ್ತು.

ಎಂಟನೇ ಹೆನ್ರಿ ಪೋಪನ ಅಧಿಕಾರವನ್ನು ತಿರಸ್ಕರಿಸಿದ ಮೇಲೆ ಇಂಗ್ಲೆಂಡಿನ ಕ್ಯಾಥೊಲಿಕರ ಬದುಕು ಕಷ್ಟಕ್ಕೆ ಸಿಕ್ಕಿತು. 1581ರ ಕಾನೂನಿನ ಪ್ರಕಾರ ಸರಕಾರಿ ಚರ್ಚಿನ ಪ್ರಾರ್ಥನೆಗೆ ಹೋಗದವರು ತಿಂಗಳಿಗೆ 20 ಪೌಂಡ್ ದಂಡ ತೆರಬೇಕಿತ್ತು. ಆ ಕಾಲಕ್ಕೆ ಅದು ಮನೆ ಮಾರಿಸುವ ಮೊತ್ತ. 1603ರಲ್ಲಿ ಪಟ್ಟಕ್ಕೆ ಬಂದ ಒಂದನೇ ಜೇಮ್ಸ್ ಈ ಬಿಗಿಯನ್ನು ಸಡಿಲಿಸಬಹುದೆಂಬ ನಿರೀಕ್ಷೆ ಹುಸಿಯಾಯಿತು. ರಾಬರ್ಟ್ ಕೇಟ್ಸ್‌ಬಿ ಎಂಬವನ ನೇತೃತ್ವದಲ್ಲಿ 13 ಮಂದಿ ಸಂಚು ಹೂಡಿದರು. ಪಾರ್ಲಿಮೆಂಟ್ ಆರಂಭವಾಗುವ ದಿನ ದೊರೆಯನ್ನೂ ಸದಸ್ಯರನ್ನೂ ಒಟ್ಟಿಗೇ ಸಿಡಿಸಿಬಿಡುವುದು ಅವರ ಯೋಜನೆ. ಸ್ಪೇನಿನ ಪಡೆಯಲ್ಲಿ ದುಡಿದಿದ್ದ ಯಾರ್ಕ್ ನಗರದ ಗೈ ಫಾಕ್ಸ್‌ಗೆ ಮದ್ದಿನ ಹೊಣೆ. ಆದರೆ ಮೊಂಟೀಗಲ್ ಎಂಬ ಸರದಾರನಿಗೆ ಬಂದ ಅನಾಮಧೇಯ ಪತ್ರದಿಂದ ಗುಟ್ಟು ರಟ್ಟಾಯಿತು. 1605ರ ನವೆಂಬರ್ 4ರ ನಡುರಾತ್ರಿಯ ಹೊತ್ತಿಗೆ ಲಾರ್ಡ್ಸ್ ಸಭೆಯ ಕೆಳಗಿನ ನೆಲಮಾಳಿಗೆಯಲ್ಲಿ 36 ಪೀಪಾಯಿ ಮದ್ದಿನೊಂದಿಗೆ ಫಾಕ್ಸ್ ಸಿಕ್ಕಿಬಿದ್ದ. ಚಿತ್ರಹಿಂಸೆಯ ನಂತರ, 1606ರ ಜನವರಿ 31ರಂದು ಅವನಿಗೆ ಮರಣದಂಡನೆಯಾಯಿತು.

ಸಂಚು ಘೋರವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗುಟ್ಟನ್ನು ಸರಕಾರಕ್ಕೆ ಮುಟ್ಟಿಸಿದ ಮೊಂಟೀಗಲ್ ಕೂಡಾ ಕ್ಯಾಥೊಲಿಕ್ ನಂಟಿನವನೇ. ಇಂಗ್ಲೆಂಡಿನ ಕ್ಯಾಥೊಲಿಕ್ ಪಾದ್ರಿಗಳ ಮುಖ್ಯಸ್ಥ ಜಾರ್ಜ್ ಬ್ಲ್ಯಾಕ್‌ವೆಲ್ ಕೂಡಲೇ ಸಂಚನ್ನು ಖಂಡಿಸಿದ. ಆ ಧರ್ಮದವರೆಲ್ಲ ಅಪರಾಧಿಗಳಲ್ಲ ಎಂದು ಸ್ವತಃ ದೊರೆ ಜೇಮ್ಸ್ ಪಾರ್ಲಿಮೆಂಟಿನಲ್ಲಿ ಹೇಳಿದ. ಇಷ್ಟಾದರೂ ಕೆಲವೇ ತಿಂಗಳಲ್ಲಿ ಬಂದ ಕಾನೂನು ಕ್ಯಾಥೊಲಿಕರಿಗೆ ವಕೀಲಿ ಮತ್ತು ವೈದ್ಯವೃತ್ತಿಯನ್ನು ನಿಷೇಧಿಸಿ, ರಾಜನಿಷ್ಠೆಯ ಪ್ರಮಾಣವನ್ನು ಅವರ ಮೇಲೆ ಹೇರಿತು. 13 ಮಂದಿಯ ಅಪರಾಧಕ್ಕೆ ಸಾವಿರಾರು ಮನೆಗಳು ಲೆಕ್ಕ ಕೊಡಬೇಕಾಯಿತು. ನಿಷ್ಠೆಯ ಪುರಾವೆಯನ್ನು ಮತ್ತೆ ಮತ್ತೆ ಒದಗಿಸಬೇಕಾದ ಸ್ಥಿತಿ ಎಂಥದೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ.

ಅದೇ ಪಾರ್ಲಿಮೆಂಟ್ ಪ್ರತಿ ನವೆಂಬರ್ 5ರಂದು ಎಲ್ಲರೂ ಚರ್ಚಿನಲ್ಲಿ ಕೃತಜ್ಞತಾ ಪ್ರಾರ್ಥನೆ ಸಲ್ಲಿಸಬೇಕೆಂಬ ಕಾನೂನನ್ನೂ ತಂದಿತು. ಅದು ರದ್ದಾದದ್ದು 1859ರಲ್ಲಿ! ಎರಡೂವರೆ ಶತಮಾನ ಕಾಲ ದ್ವೇಷ ಪ್ರತಿ ವರ್ಷ ಪಂಚಾಂಗದಲ್ಲಿ ನವೀಕರಣಗೊಳ್ಳುತ್ತಿತ್ತು. ಬೆಂಕಿಗೆ ಬೀಳುತ್ತಿದ್ದುದು ಫಾಕ್ಸ್‌ನ ಗೊಂಬೆ ಮಾತ್ರವಲ್ಲ, 1670ರ ದಶಕದಲ್ಲಿ ಪೋಪನ ಪ್ರತಿಕೃತಿಗಳೂ ಉರಿದವು. 1829ರಲ್ಲಿ ಕ್ಯಾಥೊಲಿಕರಿಗೆ ಪಾರ್ಲಿಮೆಂಟ್ ಪ್ರವೇಶದ ಹಕ್ಕು ಸಿಕ್ಕ ಮೇಲೂ ಕಿಚ್ಚು ಆರಲಿಲ್ಲ. 1850ರಲ್ಲಿ ಪೋಪ್ ಇಂಗ್ಲೆಂಡಿಗೆ ಮರಳಿ ಬಿಷಪರನ್ನು ನೇಮಿಸಿದಾಗ ಆ ವರ್ಷದ ಬೆಂಕಿಯಲ್ಲಿ ಕಾರ್ಡಿನಲ್ ವೈಸ್‌ಮನ್‌ನ ಗೊಂಬೆಯೂ ಉರಿಯಿತು.

ಸಸೆಕ್ಸ್‌ನ ಲೂಯಿಸ್ ಪಟ್ಟಣದ ಕತೆ ಇನ್ನೂ ತೊಡಕಿನದು. ಕ್ಯಾಥೊಲಿಕ್ ರಾಣಿ ಮೇರಿಯ ಕಾಲದಲ್ಲಿ, 1555ರಿಂದ 1557ರ ನಡುವೆ, ಅಲ್ಲಿ 17 ಪ್ರಾಟೆಸ್ಟಂಟರನ್ನು ಜೀವಂತ ಸುಡಲಾಯಿತು. ಅವರ ನೆನಪಿಗೆ 17 ಉರಿಯುವ ಶಿಲುಬೆಗಳನ್ನು ಹೊತ್ತು ಪಂಜಿನ ಮೆರವಣಿಗೆ ಸಾಗುತ್ತದೆ. ಒಂದು ತಂಡವಂತೂ 1605ರಲ್ಲಿ ಪೋಪ್ ಆಗಿದ್ದ ಐದನೇ ಪಾಲನ ಪ್ರತಿಕೃತಿಯನ್ನು ಸುಡುವ ರೂಢಿ ಉಳಿಸಿಕೊಂಡು ಬಂದಿದೆ. ಇದು ಇತಿಹಾಸದ ನೆನಪಷ್ಟೇ, ಇಂದಿನ ಕ್ಯಾಥೊಲಿಕರ ಮೇಲೆ ಹಗೆಯಿಲ್ಲ ಎನ್ನುತ್ತಾರೆ. ಇರಬಹುದು. ಗೆದ್ದವರಿಗೆ ನೆನಪು ಹಬ್ಬವಾಗುವುದು ಸುಲಭ.

ಕಾಲ ಬದಲಾಗಿದೆ ಎಂಬುದೂ ನಿಜ. 2004ರ ಪಟಾಕಿ ನಿಯಮಗಳು ನವೆಂಬರ್ 5ರಂದು ರಾತ್ರಿ 12ರ ತನಕ ಪಟಾಕಿಗೆ ಅವಕಾಶ ಕೊಟ್ಟರೆ, ದೀಪಾವಳಿಗೆ 1 ಗಂಟೆಯ ತನಕ ಕೊಟ್ಟಿವೆ. ಆದರೆ ಬೆಂಕಿಗೆ ಹೊಸಬರೂ ಬಿದ್ದಿದ್ದಾರೆ. 2003ರಲ್ಲಿ ಲೂಯಿಸ್ ಬಳಿಯ ಫರ್ಲ್ ಹಳ್ಳಿಯಲ್ಲಿ ಜಿಪ್ಸಿ ಕುಟುಂಬದ ಚಿತ್ರ ಬಿಡಿಸಿದ ಗಾಡಿಯನ್ನು ಸುಟ್ಟರು. 2017ರ ಜೂನ್ 14ರಂದು, ರಮಝಾನಿನಲ್ಲಿ, ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿದ್ದು 72 ಮಂದಿ ಸತ್ತರು. ಅವರಲ್ಲಿ ಅನೇಕರು ಮುಸ್ಲಿಮರು, ವಲಸೆ ಬಂದವರು. ಸಹರಿಗೆಂದು ಎಚ್ಚರವಿದ್ದವರು ನೆರೆಮನೆಗಳ ಬಾಗಿಲು ಬಡಿದು ಎಬ್ಬಿಸಿದ್ದನ್ನು ಪತ್ರಿಕೆಗಳು ವರದಿ ಮಾಡಿದ್ದವು. ಮರುವರ್ಷದ ಬಾನ್‌ಫೈರ್ ಹೊತ್ತಿಗೆ ಒಂದು ಮನೆಯ ಹಿತ್ತಲಲ್ಲಿ ಕೆಲವರು ಆ ಕಟ್ಟಡದ ರಟ್ಟಿನ ಮಾದರಿ ಮಾಡಿ, ಕಿಟಕಿಗಳಿಗೆ ಮನುಷ್ಯರ ಚಿತ್ರ ಅಂಟಿಸಿ, ನಗುತ್ತಾ ಸುಟ್ಟರು. ಆ ವಿಡಿಯೊ ಹರಡಿದಾಗ ಪ್ರಧಾನಿ ತೆರೆಸಾ ಮೇ ಸೇರಿದಂತೆ ಅನೇಕರು ಅದನ್ನು ಖಂಡಿಸಿದರು.

ಗೈ ಫಾಕ್ಸ್ ಓದಿದ ಯಾರ್ಕಿನ ಸೇಂಟ್ ಪೀಟರ್ಸ್ ಶಾಲೆ ಇಂದೂ ನಡೆಯುತ್ತಿದೆ. ಅಲ್ಲಿ ಗೈ ಗೊಂಬೆಯನ್ನು ಸುಡುವುದಿಲ್ಲ. ಅವನು ಆ ಶಾಲೆಯ ಹಳೆಯ ವಿದ್ಯಾರ್ಥಿ.